ವಿದ್ಯುದ್ವಿದ್ಯೆಯ ಬಾಲಬೋಧೆ

೧

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯದು ಯೋಗ್ಯಾಸೂತ್ರೀಯವೆಂಬ ಅಧ್ಯಾಯ. ಶಸ್ತ್ರವೈದ್ಯನಾಗಬಯಸುವ ಶಿಷ್ಯನಿಗೆ ಗುರುವು ಯಾವ ರೀತಿಯಲ್ಲಿ ಕೈಯ ಅಭ್ಯಾಸವನ್ನು ಮಾಡಿಸಬೇಕೆಂಬುದು ಅದರ ವಿಷಯ. ಕುಂಬಳ, ಸೋರೆ, ಸೌತೆ ಮುಂತಾದ ಕಾಯಿಗಳ ಮೇಲೆ ಛೇದನವನ್ನೂ, ನೀರು ತುಂಬಿದ ತೊಗಲಿನ ಚೀಲಗಳ ಮೇಲೆ ಭೇದನವನ್ನೂ, ತಾವರೆಯ ದಂಟಿನ ಮೇಲೆ ವೇಧನವನ್ನೂ, ದಪ್ಪ ಬಟ್ಟೆಯ ಅಂಚುಗಳ ಮೇಲೆ ಸೀವನವನ್ನೂ ಕಲಿಸಬೇಕೆಂದು ಅಲ್ಲಿ ವಿಧಿಸಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನಾದರೂ ಈ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅರ್ಹನಾಗನೆಂಬುದು ಆಚಾರ್ಯನ ನಿರ್ಣಯ. ಈ ಅಭ್ಯಾಸಕ್ಕೆ ಅಲ್ಲಿರುವ ಹೆಸರು 'ಯೋಗ್ಯೆ'.

ಈಚಿನ ಪಾಠಶಾಲೆಗಳಲ್ಲಿ ವಿದ್ಯುತ್ತನ್ನೂ ಶಕ್ತಿಯನ್ನೂ ಕುರಿತ ಪಾಠವನ್ನು ಪುಸ್ತಕದಿಂದ ಮಾತ್ರ ಹೇಳಿಕೊಡದೆ, ಬಾಲಕ ಬಾಲಿಕೆಯರ ಕೈಯಿಂದಲೇ ಬ್ಯಾಟರಿ, ತಂತಿಯ ಸುರುಳಿ, ದೀಪ, ಅಯಸ್ಕಾಂತ ಮುಂತಾದುವನ್ನು ಕೂಡಿಸಿ ಸಣ್ಣ ಸಣ್ಣ ಯಂತ್ರಗಳನ್ನು ಮಾಡಿಸುವ ಪದ್ಧತಿಯು ಬಳಕೆಗೆ ಬಂದಿದೆ. 'ಪ್ರಾಜೆಕ್ಟು' ಎಂಬ ಇಂಗ್ಲಿಷ್ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಗೆ ಸುಶ್ರುತನ ಪದವು ಚೆನ್ನಾಗಿ ಒಪ್ಪುತ್ತದೆ. ಆದರೆ ಇದರ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಬಗೆಯ ಆಕ್ಷೇಪಗಳುಂಟು. ಇದು ಮಕ್ಕಳ ಮನೋರಂಜನೆಯೇ ಹೊರತು ವಿದ್ಯೆಯಲ್ಲವೆಂಬುದು ಮೊದಲನೆಯದು. ತತ್ತ್ವವನ್ನು ಗ್ರಂಥದಿಂದ ಗ್ರಹಿಸಿದ ಬಳಿಕ ಅದಕ್ಕೆ ನಿದರ್ಶನವಾಗಿ ಬೇಕಾದರೆ ಇರಲಿ, ಆದರೆ ಇದು ಅಂಗವಲ್ಲ, ಅಲಂಕಾರ ಮಾತ್ರ ಎಂಬುದು ಎರಡನೆಯದು. ವಿದ್ಯುದ್ವಿದ್ಯೆಯು ಬೆಳೆದು ಬಂದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡು ಆಕ್ಷೇಪಗಳೂ ನಿಲ್ಲುವುದಿಲ್ಲ. ಈ ವಿದ್ಯೆಯಲ್ಲಿ ಕಲಿಸುವ ಕ್ರಮವೂ ಕಂಡುಹಿಡಿಯುವ ಕ್ರಮವೂ ಮೊದಲಿನಿಂದ ಒಂದೇ ಆಗಿದ್ದುವೆಂಬುದನ್ನೂ, ಉಪಕರಣವು ಎಳೆಯರ ಕೈಗೆ ಬಂದಾಗಲೆಲ್ಲ ವಿದ್ಯೆಯು ಮುಂದೆ ಸಾಗಿತೆಂಬುದನ್ನೂ ಮುಂದೆ ಕ್ರಮವಾಗಿ ತೋರಿಸಲಾಗುವುದು.

೨

ಮೊದಲು ಹೆಸರಿನ ವಿಚಾರ. ಉಜ್ಜಿದಾಗ ಹುಲ್ಲುಕಡ್ಡಿಯನ್ನು ಎಳೆದುಕೊಳ್ಳುವ ಹಳದಿಯ ಅಂಟಿಗೆ ಸಂಸ್ಕೃತದಲ್ಲಿ ತೃಣಮಣಿಯೆಂದು ಹೆಸರು. ಗ್ರೀಕರು ಅದನ್ನು 'ಎಲೆಕ್ಟ್ರಾನ್' ಎಂದು ಕರೆದರು. ವೈಶೇಷಿಕಸೂತ್ರದ ಐದನೆಯ ಅಧ್ಯಾಯದಲ್ಲಿ ಮಣಿಯ ಚಲನವನ್ನೂ ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದನ್ನೂ ಹೇಳಿ, ಇವಕ್ಕೆ ಕಾರಣ ಅದೃಷ್ಟವೆಂದು ನಿರ್ಣಯಿಸಿದೆ. ವ್ಯಾಖ್ಯಾನಕಾರನಾದ ಶಂಕರಮಿಶ್ರನು ತೃಣಾಕರ್ಷಣವನ್ನೂ ಇದೇ ವರ್ಗಕ್ಕೆ ಸೇರಿಸಿದ್ದಾನೆ. ಇಷ್ಟರಿಂದಲೇ ಪ್ರಾಚೀನರಿಗೆ ವಿದ್ಯುಚ್ಛಾಸ್ತ್ರವು ಗೊತ್ತಿತ್ತೆಂದು ಸಾಧಿಸಹೊರಡುವುದು ಸಾಹಸವಾದೀತು. ಅವರು ಸಂಗತಿಯನ್ನು ಕಂಡರು, ಕಂಡುದನ್ನು ಪ್ರಾಮಾಣಿಕವಾಗಿ ಬರೆದಿಟ್ಟರು, ಕಾರಣವು ಗೋಚರವಾಗದಿದ್ದುದರಿಂದ ಅದನ್ನು ಅದೃಷ್ಟವೆಂದರು. ಗ್ರೀಸಿನಲ್ಲಿಯೂ ಇದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಕಾಲ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಈ ವಿಷಯವು ಒಂದು ವಾಕ್ಯದಿಂದ ಇನ್ನೊಂದು ವಾಕ್ಯಕ್ಕೆ, ಒಂದು ವ್ಯಾಖ್ಯಾನದಿಂದ ಇನ್ನೊಂದು ವ್ಯಾಖ್ಯಾನಕ್ಕೆ ಹೋಗುತ್ತಿತ್ತೇ ಹೊರತು ಬೆಳೆಯಲಿಲ್ಲ.

ಅದು ಬೆಳೆಯತೊಡಗಿದ್ದು ೧೬೦೦ರಲ್ಲಿ. ಆ ವರ್ಷ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು ಅಯಸ್ಕಾಂತವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಮೊಳೆಯ ತುದಿಯ ಮೇಲೆ ಸುಲಭವಾಗಿ ತಿರುಗುವಂತೆ ಇಟ್ಟ ಒಂದು ಹಗುರವಾದ ಲೋಹದ ಸೂಜಿ ಅವನ ಉಪಕರಣ. ಯಾವ ಬಾಲಕನಾದರೂ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದಾದ ಈ ಸಾಧನದಿಂದ ಅವನು ವಜ್ರ, ನೀಲ, ಗಾಜು, ಗಂಧಕ, ಅರಗು ಮುಂತಾದ ಅನೇಕ ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿ, ಆಕರ್ಷಣಗುಣವು ತೃಣಮಣಿಯೊಂದಕ್ಕೇ ಸೇರಿದುದಲ್ಲವೆಂದು ತೋರಿಸಿದನು. ಅವನಿಗಿಂತ ಹಿಂದಿನವರು ಬುದ್ಧಿಯಲ್ಲಿ ಕಡಿಮೆಯಾದವರೆಂದು ಇದರಿಂದ ಹೇಳುವಂತಿಲ್ಲ. ಅವರು ವಾಕ್ಯವನ್ನು ವಿಮರ್ಶಿಸಿದರು, ಗಿಲ್ಬರ್ಟನು ಸೂಜಿಯನ್ನು ಮಾಡಿದನು, ಇಷ್ಟೇ ಭೇದ.

ಹೆಸರಿನಲ್ಲಿ ಇನ್ನೊಂದು ವಿಶೇಷವುಂಟು. ಯುರೋಪಿನವರು ಈ ವಿದ್ಯೆಗೆ ತೃಣಮಣಿಯ ಹೆಸರನ್ನಿಟ್ಟರು. ಭಾರತೀಯ ಭಾಷೆಗಳಲ್ಲಿ ಅದಕ್ಕೆ ಮಿಂಚಿನ ಹೆಸರಾದ 'ವಿದ್ಯುತ್' ಬಂದಿತು. ಉಜ್ಜಿದ ಮಣಿಯ ಕಿಡಿಯೂ ಆಕಾಶದ ಮಿಂಚೂ ಒಂದೇ ಎಂದು ನಿರ್ಣಯವಾದದ್ದು ೧೭೫೨ರಲ್ಲಿ. ಹೀಗೆ 'ವಿದ್ಯುತ್' ಎಂಬ ಪದದಲ್ಲಿ ಆ ವರ್ಷದ ನಿರ್ಣಯವೇ ಅಡಗಿದೆ. ಆದರೆ ಬಾಲಬೋಧೆಯಲ್ಲಿ ಇದರಿಂದ ಒಂದು ತೊಡಕೂ ಉಂಟು. ಯುರೋಪಿನ ಹೆಸರು ಅಂಗೈಯಲ್ಲಿ ಹಿಡಿದು ಉಜ್ಜಬಹುದಾದ ವಸ್ತುವನ್ನು ಸೂಚಿಸುತ್ತದೆ. ಇಲ್ಲಿಯ ಹೆಸರು ಕೈಗೆಟುಕದುದನ್ನೂ ಭಯಜನಕವಾದುದನ್ನೂ ಸೂಚಿಸುತ್ತದೆ. ಕನ್ನಡದ ಉಪಾಧ್ಯಾಯನು ಈ ಹೆಸರನ್ನು ಆಕಾಶದಿಂದ ಇಳಿಸಿ ಮಗುವಿನ ಅಂಗೈಗೆ ತರಬೇಕಾಗಿದೆ. ಬಾಚಣಿಗೆಯನ್ನು ಒಣಗಿದ ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿಸುವುದೇ ಅದಕ್ಕೆ ಮೊದಲ ಪಾಠ.

೩

ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಬಾಲಕನು ಈ ಚರಿತ್ರೆಯಲ್ಲಿ ಮೊದಲಬಾರಿಗೆ ಕಾಣಿಸಿಕೊಳ್ಳುತ್ತಾನೆ. ಆದರೆ ಶಿಷ್ಯನಾಗಿ ಅಲ್ಲ, ಉಪಕರಣವಾಗಿ. ಬಟ್ಟೆಗೆ ಬಣ್ಣ ಹಾಕುವ ವೃತ್ತಿಯಲ್ಲಿದ್ದು ಮುಪ್ಪಿನಲ್ಲಿ ಲಂಡನ್ನಿನ ಚಾರ್ಟರ್‌ಹೌಸೆಂಬ ಧರ್ಮಸಂಸ್ಥೆಯ ಆಶ್ರಯದಲ್ಲಿದ್ದ ಸ್ಟೀಫನ್ ಗ್ರೇ ಎಂಬಾತನು ೧೭೨೯ರಲ್ಲಿ, ಉಜ್ಜಿದ ಗಾಜಿನ ಕೊಳವೆಯ ಗುಣವು ನೂಲಿನ ಹುರಿಯ ಮೂಲಕ ಬಹುದೂರ ಹರಿಯುವುದೆಂದು ಕಂಡನು. ಆ ಹುರಿಯನ್ನು ರೇಷ್ಮೆಯ ದಾರದಿಂದ ತೂಗಹಾಕಿದಾಗ ಗುಣವು ದಾಟಿ ಹೋಯಿತು. ದಾರವು ಕಡಿದುಹೋಗಲು ಅದಕ್ಕೆ ಬದಲಾಗಿ ಹಿತ್ತಾಳೆಯ ತಂತಿಯನ್ನು ಕಟ್ಟಿದಾಗ ಗುಣವೆಲ್ಲ ಸೋರಿಹೋಯಿತು. ವಾಹಕ, ಅವಾಹಕವೆಂಬ ವಿಭಾಗವು ಹುಟ್ಟಿದ್ದು ಹೀಗೆ, ಒಂದು ದಾರದ ಬಲ ಸಾಲದೆ ಹೋದುದರಿಂದ. ೧೭೩೦ರ ಏಪ್ರಿಲ್ ತಿಂಗಳಲ್ಲಿ ಗ್ರೇಯು ಎಂಟು ಒಂಬತ್ತು ವಯಸ್ಸಿನ ಹುಡುಗನೊಬ್ಬನನ್ನು ಹಗ್ಗಗಳ ಮೇಲೆ ಅಡ್ಡಲಾಗಿ ಮಲಗಿಸಿ ತೂಗಹಾಕಿ, ಗಾಜಿನ ಕೊಳವೆಯನ್ನು ಅವನ ಪಾದಗಳ ಹತ್ತಿರ ಹಿಡಿದನು. ಹಿತ್ತಾಳೆಯ ತೆಳುವಾದ ತಗಡಿನ ಚೂರುಗಳು ಅವನ ಮುಖದ ಕಡೆಗೆ ಹಾರಿದುವು. ಬಟ್ಟೆಸಹಿತವಾಗಿ ಹುಡುಗನ ತೂಕ ೪೭ ಪೌಂಡು ಚಿಲ್ಲರೆಯೆಂದು ಗ್ರೇಯು ಬರೆದಿಟ್ಟಿದ್ದಾನೆ. ಅವನ ಹೆಸರನ್ನಾಗಲಿ, ಅವನಿಗೆ ತೋರಿದ ಪ್ರಶ್ನೆಗಳನ್ನಾಗಲಿ ಬರೆದಿಟ್ಟಿಲ್ಲ.

ಫ್ರಾನ್ಸಿನಲ್ಲಿ ಇದು ದೊಡ್ಡ ಪ್ರದರ್ಶನವಾಗಿ ಬೆಳೆಯಿತು. ೧೭೪೬ರಲ್ಲಿ ಲೈಡನ್ ನಗರದ ವಿದ್ಯುತ್ಸಂಗ್ರಾಹಕ ಜಾಡಿಯ ವೃತ್ತಾಂತವು ಪ್ಯಾರಿಸ್ಸನ್ನು ಮುಟ್ಟಿದೊಡನೆ ಆಬೆ ನೊಲೆ ಎಂಬ ವಿದ್ವಾಂಸನು ದೊರೆಯ ಸಮಕ್ಷಮದಲ್ಲಿ ೧೮೦ ಮಂದಿ ಕಾವಲುಭಟರನ್ನು ಕೈಗೆ ಕೈ ಹಿಡಿಸಿ ನಿಲ್ಲಿಸಿ, ಒಂದೇ ಕ್ಷಣದಲ್ಲಿ ಅವರೆಲ್ಲರೂ ಎಗರುವಂತೆ ಮಾಡಿದನು. ನೋಡಿದವರಿಗೆ ಆಶ್ಚರ್ಯವುಂಟಾಯಿತು, ಎಗರಿದವರಿಗೆ ನೋವುಂಟಾಯಿತು, ಅವರಲ್ಲಿ ಯಾರೂ ಏನನ್ನೂ ಕಲಿಯಲಿಲ್ಲ. ಇಂಥ ಪ್ರದರ್ಶನವನ್ನು ಯೋಗ್ಯೆಯೊಡನೆ ಬೆರಸಬಾರದು. ಆದರೂ ನೊಲೆಯನ್ನು ಇದೊಂದರಿಂದಲೇ ಅಳೆಯುವುದು ಅನ್ಯಾಯ. ಮುಂದೆ ೧೭೭೦ರಲ್ಲಿ ಅವನೇ ಉಪಕರಣಗಳನ್ನು ಆರಿಸುವ, ಮಾಡುವ, ಬಳಸುವ ಕ್ರಮವನ್ನೆಲ್ಲ ಮೂರು ಸಂಪುಟಗಳಲ್ಲಿ ವಿವರಿಸಿ, ಪ್ರೇಕ್ಷಕರಾಗಿದ್ದವರನ್ನು ಪ್ರಯೋಕ್ತೃಗಳನ್ನಾಗಿ ಮಾಡಲು ಯತ್ನಿಸಿದನು.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಮಾಡಿದ ಕೆಲಸದಲ್ಲಿ ಇನ್ನೊಂದು ಹೆಜ್ಜೆ ಕಾಣುತ್ತದೆ. ಲಂಡನ್ನಿನಿಂದ ಅಲ್ಲಿಯ ಪುಸ್ತಕಭಂಡಾರಕ್ಕೆ ಒಂದು ಗಾಜಿನ ಕೊಳವೆ ಬಂದಿತು. ನೋಡಬಂದವರ ಗುಂಪು ಹೆಚ್ಚಾಗಲು ಫ್ರಾಂಕ್ಲಿನ್ನನು ಊರಿನ ಗಾಜಿನ ಕಾರ್ಖಾನೆಯಲ್ಲಿ ಅಂಥ ಕೊಳವೆಗಳನ್ನೇ ಹಲವು ಮಾಡಿಸಿ ಸ್ನೇಹಿತರಿಗೆ ಹಂಚಿದನು. ಅವರಲ್ಲಿ ಕಿನರ್ಸ್ಲಿ ಎಂಬ ನಿರುದ್ಯೋಗಿಯೊಬ್ಬನು ಪ್ರಯೋಗನಿಪುಣನಾಗಿ ಊರೂರು ತಿರುಗಿ ಉಪನ್ಯಾಸಮಾಡಿದನು. ಮಿಂಚೂ ವಿದ್ಯುತ್ತೂ ಒಂದೇ ಎಂಬ ಫ್ರಾಂಕ್ಲಿನ್ನನ ಊಹೆಯನ್ನು ಪರೀಕ್ಷಿಸಲು ೧೭೫೨ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಎತ್ತರವಾದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿದಾಗ, ಅದರಿಂದ ಮೊದಲು ಕಿಡಿಯನ್ನು ಸೆಳೆದವನು ಪಂಡಿತನಲ್ಲ, ಅಲ್ಲಿ ಕಾವಲಿಗಿದ್ದ ಒಬ್ಬ ಮುದಿ ಸಿಪಾಯಿ. ಹೇಳಿದಂತೆ ಎಚ್ಚರಿಕೆಯಿಂದ ಮಾಡಬಲ್ಲವನಿಗೆ ಪ್ರಕೃತಿಯು ಕುಲವನ್ನೂ ಪದವಿಯನ್ನೂ ಕೇಳದೆ ಉತ್ತರ ಕೊಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

೪

ಉಪಕರಣವಾಗಿದ್ದ ಬಾಲಕನು ಪ್ರಯೋಕ್ತೃವಾದದ್ದು ಇಂಗ್ಲೆಂಡಿನ ನ್ಯಾಂಟ್‌ವಿಚ್ ಎಂಬ ಸಣ್ಣ ಪಟ್ಟಣದ ಪಾಠಶಾಲೆಯಲ್ಲಿ. ೧೭೫೮ರಿಂದ ೧೭೬೧ರವರೆಗೆ ಅಲ್ಲಿ ಉಪಾಧ್ಯಾಯನಾಗಿದ್ದವನು ಜೋಸೆಫ್ ಪ್ರೀಸ್ಟ್ಲಿ. ಸುಮಾರು ಮೂವತ್ತು ಬಾಲಕರೂ, ಬೇರೊಂದು ಕೊಠಡಿಯಲ್ಲಿ ಐದಾರು ಬಾಲಿಕೆಯರೂ ಅವನಲ್ಲಿ ಓದುತ್ತಿದ್ದರು. ಕೈಯಲ್ಲಿ ಸ್ವಲ್ಪ ಹಣವುಳಿದಾಗ ಅವನು ಒಂದು ವಾಯುರೇಚಕವನ್ನೂ ಒಂದು ವಿದ್ಯುದ್ಯಂತ್ರವನ್ನೂ ಕೊಂಡನು. ಇವನ್ನು ಅವನು ಬೀರುವಿನಲ್ಲಿಟ್ಟು ಬೀಗಹಾಕಲಿಲ್ಲ. ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಅವನ್ನು ಬಳಸುವುದನ್ನೂ ಕೆಡದಂತೆ ಕಾಪಾಡುವುದನ್ನೂ ಕಲಿಸಿದನು. ತಂದೆತಾಯಿಗಳೂ ಸ್ನೇಹಿತರೂ ಬಂದಾಗ ಪ್ರಯೋಗಗಳನ್ನು ನಡೆಸಿದವರು ಬಹುಮಟ್ಟಿಗೆ ವಿದ್ಯಾರ್ಥಿಗಳು. ಕೆಲವೊಮ್ಮೆ ಉಪನ್ಯಾಸವನ್ನು ಹೇಳಿದವರೂ ಅವರೇ.

ಆಗ ಪ್ರೀಸ್ಟ್ಲಿಯು ವಿಜ್ಞಾನಿಯೆಂದು ಹೆಸರಾದವನಲ್ಲ. ಭಾಷೆ, ವ್ಯಾಕರಣ, ಮತಶಾಸ್ತ್ರಗಳಲ್ಲಿ ಪರಿಶ್ರಮವುಳ್ಳ ಉಪಾಧ್ಯಾಯ. ೧೭೬೭ರಲ್ಲಿ ಅವನು ಫ್ರಾಂಕ್ಲಿನ್ನನ ಪ್ರೋತ್ಸಾಹದಿಂದ ವಿದ್ಯುದ್ವಿದ್ಯೆಯ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಈ ಗ್ರಂಥದ ರಚನೆಯು ಗಮನಾರ್ಹವಾದುದು. ಪೂರ್ವಭಾಗದಲ್ಲಿ ಅಂದಿನವರೆಗಿನ ಶೋಧನೆಗಳ ಇತಿಹಾಸವಿದೆ. ಅನಂತರ ಯಂತ್ರಗಳ ನಿರ್ಮಾಣಕ್ರಮ, ಹೊಸದಾಗಿ ಕಲಿಯುವ ಯುವಕರಿಗೆ ವ್ಯಾವಹಾರಿಕ ಸೂಚನೆಗಳು, ವಿನೋದಕರವಾದ ಪ್ರಯೋಗಗಳು, ಕೊನೆಯಲ್ಲಿ ಗ್ರಂಥಕರ್ತನ ಸ್ವಂತ ಶೋಧನೆಗಳು. ಚರಿತ್ರೆಯನ್ನು ಬರೆಯಹೊರಟವನು ಹಿಂದಿನವರ ಪ್ರಯೋಗಗಳನ್ನು ಮಾಡಿನೋಡದೆ ನಂಬಲಾರದೆ ತಾನೇ ಮಾಡುತ್ತ ಹೋಗಿ ಶೋಧಕನಾದನು. ವಿದ್ಯುದಾಕರ್ಷಣವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೆಂಬ ಊಹೆಯು ಈ ಗ್ರಂಥದಲ್ಲಿದೆ. ಕೂಲಂಬನು ಅದನ್ನು ೧೭೮೫ರಲ್ಲಿ ಅಳೆದು ಸ್ಥಾಪಿಸಿದನು. ದೊಡ್ಡ ಗ್ರಂಥವು ಎಲ್ಲರಿಗೂ ನಿಲುಕದೆಂದು ಪ್ರೀಸ್ಟ್ಲಿಯು ೧೭೬೮ರಲ್ಲಿ ಪ್ರಾರಂಭಿಕರಿಗಾಗಿಯೇ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಸಾಹಿತ್ಯದ ಅಧ್ಯಾಪಕನೊಬ್ಬನು ವಿದ್ಯುದ್ವಿದ್ಯೆಯ ಚರಿತ್ರಕಾರನಾಗಿ, ಚರಿತ್ರಕಾರನು ಶೋಧಕನಾಗಿ, ಶೋಧಕನು ಮರಳಿ ಬಾಲಬೋಧಕನಾದ ಈ ಉದಾಹರಣೆಯು ಸಾಹಿತ್ಯಾಧ್ಯಾಪಕರಿಗೆ ವಿಶೇಷವಾಗಿ ಚಿಂತನೀಯ.

ಇಲ್ಲಿ ಅಪಾಯದ ವಿಷಯವನ್ನೂ ಹೇಳಬೇಕು. ೧೭೫೩ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಕ್‌ಮನ್ನನೆಂಬ ಪ್ರಾಧ್ಯಾಪಕನು ಸಿಡಿಲಿನ ವಿದ್ಯುತ್ತನ್ನು ಅಳೆಯಹೋಗಿ ಅದೇ ಸಿಡಿಲಿನಿಂದ ಸತ್ತನು. ಕೈಗೆಲಸದ ಪಾಠವು ಗುರುವಿನ ಅವಶ್ಯಕತೆಯನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಸುಶ್ರುತನು ಶಿಷ್ಯನಿಗೆ ಮೊದಲು ಕುಂಬಳಕಾಯಿಯನ್ನು ಕೊಟ್ಟದ್ದರ ಅಭಿಪ್ರಾಯವೂ ಇದೇ. ವಿದ್ಯುತ್ತಿನ ಪಾಠದಲ್ಲಿ ಸಣ್ಣ ಬ್ಯಾಟರಿಯೇ ಆ ಕುಂಬಳಕಾಯಿ. ಮನೆಯ ಗೋಡೆಯಲ್ಲಿ ಹರಿಯುವ ೨೩೦ ವೋಲ್ಟಿನ ಪ್ರವಾಹವು ಅಭ್ಯಾಸಕ್ಕೆ ಸಲ್ಲದ ವಸ್ತು.

೫

ಈ ಬಗೆಯ ಪುಸ್ತಕಗಳೂ ಉಪನ್ಯಾಸಗಳೂ ಇಂಗ್ಲೆಂಡಿನಲ್ಲಿ ಹರಡಿದುದರ ಫಲವು ಎರಡು ತಲೆಮಾರುಗಳ ಮೇಲೆ ಕಂಡಿತು. ೧೭೯೧ರಲ್ಲಿ ಹುಟ್ಟಿದ ಮೈಕೇಲ್ ಫ್ಯಾರಡೆಯು ಕಮ್ಮಾರನ ಮಗ. ಓದು ಬರಹಗಳಿಗಿಂತ ಹೆಚ್ಚಿನ ಶಾಲಾಶಿಕ್ಷಣ ಅವನಿಗಾಗಲಿಲ್ಲ. ೧೮೦೫ರಿಂದ ಏಳು ವರ್ಷ ಅವನು ಲಂಡನ್ನಿನಲ್ಲಿ ರೀಬೋ ಎಂಬ ಪುಸ್ತಕವ್ಯಾಪಾರಿಯ ಬಳಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಅವನ ಅಭ್ಯಾಸ. ಬ್ರಿಟಾನಿಕ ವಿಶ್ವಕೋಶದಲ್ಲಿ ವಿದ್ಯುತ್ತನ್ನು ಕುರಿತ ಲೇಖನವೂ, ಜೇನ್ ಮಾರ್ಸೆಟ್ ಎಂಬ ವಿದುಷಿಯು ರಸಾಯನಶಾಸ್ತ್ರವನ್ನು ಸಂವಾದರೂಪದಲ್ಲಿ ತಿಳಿಸಲು ಬರೆದ ಪುಸ್ತಕವೂ ಹೀಗೆ ಅವನ ಕೈಗೆ ಬಂದುವು. ಓದಿ ತೃಪ್ತನಾಗದೆ ಅವನು ಸೀಸೆಯೊಂದರಿಂದ ಸ್ವಂತ ವಿದ್ಯುದ್ಯಂತ್ರವನ್ನು ಮಾಡಿಕೊಂಡು, ಪುಸ್ತಕವು ಹೇಳಿದ್ದು ನಿಜವೇ ಎಂದು ಪರೀಕ್ಷಿಸಿದನು. ೧೮೧೦ರಲ್ಲಿ ಟೇಟಮ್ ಎಂಬಾತನು ತನ್ನ ಮನೆಯಲ್ಲಿ ನಡೆಸುತ್ತಿದ್ದ ಉಪನ್ಯಾಸಗಳಿಗೆ ಹೋಗತೊಡಗಿದನು. ಒಂದೊಂದಕ್ಕೂ ಒಂದೊಂದು ಷಿಲಿಂಗು ಶುಲ್ಕ. ಅದನ್ನು ತೆತ್ತವನು ಕಮ್ಮಾರವೃತ್ತಿಯಲ್ಲಿದ್ದ ಅಣ್ಣ.

೧೮೧೨ರ ಜುಲೈ ತಿಂಗಳಲ್ಲಿ ಇಪ್ಪತ್ತು ವಯಸ್ಸಿನ ಫ್ಯಾರಡೆಯು ಸ್ನೇಹಿತನಾದ ಆಬಟ್ಟನಿಗೆ ಒಂದು ಕಾಗದ ಬರೆದನು. ಸತುವಿನ ತಗಡಿನಿಂದ ಅರ್ಧಪೆನ್ನಿಯ ನಾಣ್ಯದಷ್ಟಗಲದ ಏಳು ಬಿಲ್ಲೆಗಳನ್ನು ತಾನೇ ಕತ್ತರಿಸಿ, ಅವುಗಳೊಡನೆ ಏಳು ತಾಮ್ರದ ನಾಣ್ಯಗಳನ್ನು ಜೋಡಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನಸಿದ ಕಾಗದದ ಚೂರುಗಳನ್ನಿಟ್ಟು ಕಂಬವನ್ನು ಕಟ್ಟಿದುದನ್ನೂ, ಅಷ್ಟರಿಂದಲೇ ಮೆಗ್ನೀಸಿಯದ ಲವಣದ್ರವವು ವಿಭಜನೆಗೊಂಡುದನ್ನೂ ಅದರಲ್ಲಿ ವರ್ಣಿಸಿದ್ದಾನೆ. ಈ ಕಂಬದ ಕಲ್ಪನೆ ವೋಲ್ಟನದು. ಅದು ೧೮೦೦ರಲ್ಲಿಯೇ ಪ್ರಕಟವಾಗಿತ್ತು. ಹನ್ನೆರಡು ವರ್ಷಗಳ ಮೇಲೆ ಅದನ್ನು ಮತ್ತೆ ಕಟ್ಟಿದುದರಿಂದ ಜಗತ್ತಿಗೆ ಹೊಸದೇನೂ ತಿಳಿಯಲಿಲ್ಲ. ಫ್ಯಾರಡೆಗೆ ಮಾತ್ರ ಎಲ್ಲವೂ ಹೊಸದು. ಕಾಗದದ ಉದ್ದಕ್ಕೂ ತಾನೇ ಮಾಡಿದೆನೆಂಬ ಹಿಗ್ಗು ತುಂಬಿದೆ. ಬಾಲಬೋಧೆಯ ಪ್ರಯೋಜನವನ್ನು ಶಂಕಿಸುವವರು ಈ ಏಳು ನಾಣ್ಯಗಳನ್ನು ನೆನೆಯಬೇಕು. ಇದೇ ಪ್ರಯೋಗವನ್ನು ಇಂದು ತಾಮ್ರದ ಮತ್ತು ಸತುವಿನ ಬಿಲ್ಲೆಗಳಿಂದ ಮಾಡಿದರೆ ಚಿಕ್ಕದೊಂದು ಎಲ್‌ಇಡಿ ದೀಪವು ಮಂದವಾಗಿ ಬೆಳಗುವುದನ್ನು ಯಾವ ಪಾಠಶಾಲೆಯಲ್ಲಾದರೂ ಕಾಣಬಹುದು.

ಮುಂದಿನ ಕಥೆ ಪ್ರಸಿದ್ಧವಾದುದು. ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ ಬರೆದಿಟ್ಟ ಟಿಪ್ಪಣಿಯನ್ನು ತಾನೇ ರಟ್ಟು ಕಟ್ಟಿ ಅವನಿಗೆ ಕಳುಹಿಸಿ, ೧೮೧೩ರ ಮಾರ್ಚಿಯಲ್ಲಿ ಫ್ಯಾರಡೆಯು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. ೧೮೨೧ರಲ್ಲಿ ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತವನ್ನು ಸುತ್ತುವಂತೆ ಮಾಡಿದನು. ಈ ಸಂಗತಿಯನ್ನು ಬರಹದಲ್ಲಿ ತಿಳಿಸಿದುದು ಸಾಲದೆಂದು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಉಪಕರಣಗಳನ್ನು ಮಾಡಿಸಿ ಇತರ ವಿದ್ವಾಂಸರಿಗೆ ಕಳುಹಿಸಿಕೊಟ್ಟನು. ಓದಿದವನು ನಂಬಬಹುದು ಅಥವಾ ನಂಬದಿರಬಹುದು, ಮಾಡಿದವನಿಗೆ ಆ ಸಂಶಯವಿಲ್ಲವೆಂಬುದನ್ನು ಅವನು ಸ್ವಾನುಭವದಿಂದ ಅರಿತಿದ್ದನು. ೧೮೩೧ರ ಆಗಸ್ಟ್ ೨೯ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಗಳನ್ನು ಸುತ್ತಿ ವಿದ್ಯುತ್ಪ್ರೇರಣವನ್ನು ಕಂಡುಹಿಡಿದನು. ಇಂದಿನ ಜಲವಿದ್ಯುದಾಗಾರಗಳಿಗೆಲ್ಲ ಮೂಲವು ಅದೇ.

೬

ವಿದ್ಯುತ್ತಿನ ಪಾಠಕ್ಕಿಂತ ಶಕ್ತಿಯ ಪಾಠ ಕಠಿನ. ಇದಕ್ಕೆ ಭಾಷೆಯೂ ಒಂದು ಕಾರಣ. ಅಮರಕೋಶದ ಕ್ಷತ್ರಿಯವರ್ಗದಲ್ಲಿ ಬಲ, ಶೌರ್ಯ, ಶಕ್ತಿ, ಪರಾಕ್ರಮ ಮುಂತಾದುವು ಒಂದೇ ಗುಂಪಿನಲ್ಲಿ ಬಂದಿವೆ. ಕಾವ್ಯವನ್ನು ಓದುವವನಿಗೆ ಅವು ಪರ್ಯಾಯಗಳು. ದರ್ಶನಗಳಲ್ಲಿ ಶಕ್ತಿಯನ್ನು ಮೀಮಾಂಸಕರು ಪ್ರತ್ಯೇಕ ಪದಾರ್ಥವೆಂದೂ ನೈಯಾಯಿಕರು ಅಲ್ಲವೆಂದೂ ವಾದಿಸಿದರು. ಭೌತಶಾಸ್ತ್ರದ ಕನ್ನಡ ಪಠ್ಯಗಳಲ್ಲಿಯಾದರೋ ಬಲವೇ ಬೇರೆ, ಶಕ್ತಿಯೇ ಬೇರೆ, ಸಾಮರ್ಥ್ಯವೇ ಬೇರೆ. ಈ ಮೂರಕ್ಕೂ ಲಕ್ಷಣವಾಕ್ಯಗಳನ್ನು ಬಾಯಿಪಾಠ ಮಾಡಿಸಿದಮಾತ್ರದಿಂದ ಹುಡುಗನ ಮನಸ್ಸಿನಲ್ಲಿ ಅವು ಬೇರೆಯಾಗುವುದಿಲ್ಲ. ಅವನು ಮನೆಯಲ್ಲಿ ಕೇಳುವ ಮಾತು ಅಮರಕೋಶದ ಕಡೆಗೇ ಇರುತ್ತದೆ.

ಶಕ್ತಿಯ ತತ್ತ್ವವು ಸ್ಥಿರಪಟ್ಟ ರೀತಿಯನ್ನು ನೋಡಿದರೆ ಇದಕ್ಕೆ ಪರಿಹಾರವೂ ತೋರುತ್ತದೆ. ಇಂಗ್ಲೆಂಡಿನ ಸ್ಯಾಲ್ಫೋರ್ಡಿನಲ್ಲಿ ೧೮೧೮ರಲ್ಲಿ ಹುಟ್ಟಿದ ಜೇಮ್ಸ್ ಜೂಲನು ಮದ್ಯವನ್ನು ತಯಾರಿಸುವ ವ್ಯಾಪಾರಿಯ ಮಗ. ಮನೆಯಲ್ಲಿಯೇ ಓದಿದವನು. ಬಾಲ್ಯದಲ್ಲಿ ಜಾನ್ ಡಾಲ್ಟನ್ನನಿಂದ ಸ್ವಲ್ಪಕಾಲ ಪಾಠ ಹೇಳಿಸಿಕೊಂಡನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಎಂದರೆ ೧೮೩೮ರಲ್ಲಿ, ತಾನು ಮಾಡಿದ ವಿದ್ಯುತ್ಕಾಂತಯಂತ್ರದ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದನು. ಬ್ಯಾಟರಿಯಿಂದ ತಿರುಗುವ ಯಂತ್ರವು ಉಗಿಯಂತ್ರವನ್ನು ಮೂಲೆಗೆ ತಳ್ಳುವುದೆಂಬ ಆಸೆ ಆಗ ಬಹುಮಂದಿಗಿದ್ದಿತು. ಜೂಲನು ಯಂತ್ರವನ್ನು ಮಾಡಿದುದಲ್ಲದೆ ಲೆಕ್ಕವನ್ನೂ ಮಾಡಿದನು. ಬ್ಯಾಟರಿಯಲ್ಲಿ ಒಂದು ಪೌಂಡು ಸತುವು ಸವೆದಾಗ ಆಗುವ ಕೆಲಸವು, ಆಗಿನ ಉತ್ತಮ ಉಗಿಯಂತ್ರದಲ್ಲಿ ಒಂದು ಪೌಂಡು ಕಲ್ಲಿದ್ದಲು ಉರಿದಾಗ ಆಗುವ ಕೆಲಸದ ಸುಮಾರು ಐದರಲ್ಲೊಂದು ಪಾಲು ಮಾತ್ರವೆಂದು ಕಂಡನು. ಸತುವಿನ ಬೆಲೆಯಾದರೋ ಕಲ್ಲಿದ್ದಲಿಗಿಂತ ಬಹಳ ಹೆಚ್ಚು. ಆಸೆಯು ಭಂಗವಾಯಿತು. ಆದರೆ ಕೆಲಸ, ಶಾಖ, ವಿದ್ಯುತ್ತುಗಳ ನಡುವೆ ತಪ್ಪದ ವಿನಿಮಯವೊಂದುಂಟೆಂಬ ವಿಚಾರವು ಆ ಭಂಗದಿಂದಲೇ ಬೆಳೆಯಿತು. ೧೮೪೩ರಲ್ಲಿ ಅವನು ಆ ವಿನಿಮಯದ ಪ್ರಮಾಣವನ್ನು ಅಳೆದು ಪ್ರಕಟಿಸಿದನು.

ಈ ಪಾಠವನ್ನು ಇಂದು ಒಂದು ಗಳಿಗೆಯಲ್ಲಿ ಹುಡುಗರ ತೋಳಿಗೇ ಕಲಿಸಬಹುದು. ಕೈಹಿಡಿಯಿಂದ ತಿರುಗಿಸುವ ವಿದ್ಯುಜ್ಜನಕವು ೧೮೩೨ರಲ್ಲಿ ಪ್ಯಾರಿಸ್ಸಿನ ಪಿಕ್ಸೀ ಎಂಬ ಉಪಕರಣಶಿಲ್ಪಿಯಿಂದ ನಿರ್ಮಿತವಾಯಿತು. ಅದರ ಸಣ್ಣ ರೂಪಗಳು ಈಗ ಸುಲಭವಾಗಿ ಸಿಕ್ಕುತ್ತವೆ. ದೀಪವನ್ನು ಜೋಡಿಸದೆ ಹಿಡಿಯನ್ನು ತಿರುಗಿಸಿದರೆ ಅದು ಹಗುರವಾಗಿ ತಿರುಗುತ್ತದೆ. ದೀಪವನ್ನು ಜೋಡಿಸಿದೊಡನೆ ಭಾರವಾಗುತ್ತದೆ. ಎರಡು ದೀಪಗಳನ್ನು ಸಮಾಂತರವಾಗಿ ಜೋಡಿಸಿದರೆ ಇನ್ನೂ ಭಾರ. ಬೆಳಕು ಬಿಟ್ಟಿಯಾಗಿ ಬರುವುದಲ್ಲವೆಂಬುದನ್ನು ತೋಳು ಹೇಳಿದಷ್ಟು ಸ್ಪಷ್ಟವಾಗಿ ಯಾವ ಲಕ್ಷಣವಾಕ್ಯವೂ ಹೇಳಲಾರದು. ಹಿಡಿಯನ್ನು ತಳ್ಳುವುದು ಬಲ, ತಿರುಗಿಸಿದುದರಿಂದ ದೀಪಕ್ಕೆ ಸಂದುದು ಶಕ್ತಿ, ಅದನ್ನು ಎಷ್ಟು ವೇಗವಾಗಿ ಸಲ್ಲಿಸಲಾಯಿತೆಂಬುದು ಸಾಮರ್ಥ್ಯ. ಹೀಗೆ ಮೂರು ಪದಗಳೂ ಅಲ್ಲಿಯೇ ಬೇರೆಬೇರೆಯಾಗಿ ನಿಲ್ಲುತ್ತವೆ. ಆ ಮೇಲೆ ಲೆಕ್ಕಕ್ಕೂ ಅರ್ಥ ಬರುತ್ತದೆ. ಮನೆಯ ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೂಲುಗಳು. ೫೦ ಕಿಲೋಗ್ರಾಂ ತೂಕದ ಅಕ್ಕಿಯ ಮೂಟೆಯನ್ನು ಒಂದು ಮೀಟರಿನಷ್ಟು ಎತ್ತರಕ್ಕೆ ಏಳು ಸಾವಿರಕ್ಕೂ ಹೆಚ್ಚು ಸಲ ಎತ್ತಿದರೆ ಆಗುವ ಕೆಲಸವದು. ಹಿಡಿಯನ್ನು ತಿರುಗಿಸಿ ಬೆವರಿದ ಹುಡುಗನು ಈ ಅಂಕಿಯನ್ನು ಬರಿಯ ಅಂಕಿಯಾಗಿ ಓದುವುದಿಲ್ಲ.

೭

ಫ್ಯಾರಡೆಯು ತಾನು ಪಡೆದುದನ್ನು ಮುಂದಿನವರಿಗೆ ಕೊಡಲು ಮರೆಯಲಿಲ್ಲ. ೧೮೨೫ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ಕಾಲದ ಬಾಲೋಪನ್ಯಾಸಗಳು ಪ್ರಾರಂಭವಾದುವು. ೧೮೨೭ರಿಂದ ೧೮೬೦ರವರೆಗೆ ಫ್ಯಾರಡೆಯೇ ಅಂಥ ಹತ್ತೊಂಬತ್ತು ಮಾಲೆಗಳನ್ನು ನಡೆಸಿದನು. ಮೇಣದ ಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡ ಅವನ ಕೊನೆಯ ಮಾಲೆಯು ೧೮೬೧ರಲ್ಲಿ ಪುಸ್ತಕವಾಗಿ ಬಂದಿತು. ಎಲ್ಲರ ಮನೆಯಲ್ಲಿಯೂ ಇರುವ ವಸ್ತುವಿನಿಂದ ಹೊರಟು, ಜ್ವಾಲೆಯಿಂದ ನೀರಿಗೂ, ನೀರಿನಿಂದ ಅದನ್ನು ವಿಭಜಿಸುವ ಬ್ಯಾಟರಿಗೂ, ಕೊನೆಗೆ ಮನುಷ್ಯನ ಉಸಿರಿಗೂ ಅದು ಕೇಳುವವರನ್ನು ಕರೆದೊಯ್ಯುತ್ತದೆ. ಉಪನ್ಯಾಸವು ಕೈಗೆಲಸವಲ್ಲವೆಂಬ ಆಕ್ಷೇಪ ಇಲ್ಲಿ ಬರಬಹುದು. ಆದರೆ ಫ್ಯಾರಡೆಯು ತೋರಿಸಿದ ಪ್ರಯೋಗಗಳಲ್ಲಿ ಅನೇಕವು ಮಕ್ಕಳು ಮನೆಗೆ ಹೋಗಿ ತಾವೇ ಮಾಡಬಹುದಾದುವು. ಹಾಗೆ ಮಾಡಬೇಕೆಂಬುದೇ ಅವನ ಆಶಯ.

ಇದರಿಂದ ಅವನು ಬಯಸಿದ ಫಲವು ವಿದ್ಯುತ್ತಿನ ಜ್ಞಾನವಷ್ಟೇ ಅಲ್ಲ. ೧೮೫೩ರಲ್ಲಿ ಇಂಗ್ಲೆಂಡಿನ ವಿದ್ಯಾವಂತರ ಮನೆಗಳಲ್ಲಿ, ಕೈಯಿಟ್ಟರೆ ಮೇಜು ತಾನಾಗಿ ತಿರುಗುವುದೆಂಬ ಭ್ರಾಂತಿ ಹರಡಿತ್ತು. ಕೆಲವರು ಅದಕ್ಕೆ ವಿದ್ಯುತ್ತೇ ಕಾರಣವೆಂದರು. ಫ್ಯಾರಡೆಯು ರಟ್ಟು ಮತ್ತು ಸಣ್ಣ ಉರುಳೆಗಳಿಂದ ಒಂದು ಸಾಧನವನ್ನು ಮಾಡಿ, ಕುಳಿತವರ ಕೈಗಳೇ ಅವರಿಗರಿವಿಲ್ಲದೆ ಮೇಜನ್ನು ತಳ್ಳುತ್ತಿರುವುವೆಂದು ತೋರಿಸಿದನು. ಮರುವರ್ಷ ಮನಶ್ಶಿಕ್ಷಣವನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ತನಗೆ ಇಷ್ಟವಾದುದನ್ನು ನಂಬುವ ಮನಸ್ಸಿನ ಒಲವನ್ನು ತಡೆದು ನಿರ್ಣಯವನ್ನು ತಡಮಾಡಲು ಕಲಿಯುವುದೇ ಶಿಕ್ಷಣದ ಮುಖ್ಯ ಭಾಗವೆಂದು ಪ್ರತಿಪಾದಿಸಿದನು. ೧೮೬೨ರಲ್ಲಿ ದೊಡ್ಡ ವಿದ್ಯಾಶಾಲೆಗಳ ವಿಚಾರಣೆಗಾಗಿ ನೇಮಕವಾದ ಆಯೋಗದ ಮುಂದೆ ಸಾಕ್ಷ್ಯ ನುಡಿದಾಗ, ಗ್ರೀಕ್ ಲ್ಯಾಟಿನ್‌ಗಳಲ್ಲಿ ಪಳಗಿದವರು ಪ್ರಕೃತಿಯ ಸಾಮಾನ್ಯ ಸಂಗತಿಗಳನ್ನೂ ಅರಿಯದಿರುವುದನ್ನು ಕುರಿತು ವಿಷಾದಪಟ್ಟನು.

ಈ ವಿಷಾದವನ್ನು ಭಾಷಾಶಾಸ್ತ್ರಗಳ ನಿಂದೆಯೆಂದು ತಿಳಿಯಬೇಕಾಗಿಲ್ಲ. ಪ್ರಮಾಣವಿಚಾರವು ಸಂಸ್ಕೃತಪಾಠಶಾಲೆಗಳ ಹೆಮ್ಮೆ. ಪ್ರತ್ಯಕ್ಷಕ್ಕೂ ಭ್ರಾಂತಿಗೂ ಭೇದವೇನು, ವ್ಯಾಪ್ತಿಯು ಹೇಗೆ ಸಿದ್ಧವಾಗುತ್ತದೆ, ಉಪಾಧಿಯನ್ನು ಹೇಗೆ ಗುರುತಿಸಬೇಕೆಂಬ ಪ್ರಶ್ನೆಗಳನ್ನು ನೈಯಾಯಿಕರು ಸೂಕ್ಷ್ಮವಾಗಿ ಶೋಧಿಸಿದ್ದಾರೆ. ಆದರೆ ಅಡಿಗೆಮನೆಯ ಹೊಗೆ ಮತ್ತು ಬೆಂಕಿಯ ಉದಾಹರಣೆಯನ್ನು ಶತಮಾನಗಳ ಕಾಲ ಹೇಳುತ್ತ ಬಂದ ಶಿಷ್ಯಪರಂಪರೆಯು ಹೊಸ ಉದಾಹರಣೆಯನ್ನು ಕೈಯಾರೆ ಮಾಡಿಕೊಂಡುದು ಅಪೂರ್ವ. ದೀಪವು ಉರಿಯದೆ ಹೋದಾಗ ತಂತಿ ಕಡಿದಿದೆಯೋ, ಬ್ಯಾಟರಿ ತೀರಿದೆಯೋ, ಜೋಡಣೆ ತಪ್ಪಿದೆಯೋ ಎಂದು ಒಂದೊಂದನ್ನೇ ಬಿಡಿಸಿ ನೋಡುವ ಹುಡುಗನು ಅನ್ವಯವ್ಯತಿರೇಕಗಳ ಹೆಸರನ್ನು ಕೇಳದೆಯೇ ಅವನ್ನು ಅಭ್ಯಾಸಮಾಡುತ್ತಿದ್ದಾನೆ. ಹಾಗೆಯೇ, ಅಚ್ಚಾದ ಸೂಚನೆಯಂತೆ ತುಂಡುಗಳನ್ನು ಜೋಡಿಸಿ ಪ್ರದರ್ಶನದಲ್ಲಿಟ್ಟು ಬಹುಮಾನ ಪಡೆದು ಕೈತೊಳೆದುಕೊಳ್ಳುವ ಹುಡುಗನು ಏನನ್ನೂ ಅಭ್ಯಾಸಮಾಡಿದಂತಾಗಲಿಲ್ಲ. ಸುಶ್ರುತನೂ ಶಾಸ್ತ್ರವನ್ನು ಮಾತ್ರ ಬಲ್ಲವನನ್ನು ಆಕ್ಷೇಪಿಸಿದಂತೆಯೇ ಕರ್ಮವನ್ನು ಮಾತ್ರ ಬಲ್ಲವನನ್ನೂ ಆಕ್ಷೇಪಿಸಿದ್ದಾನೆ. ಇಬ್ಬರನ್ನೂ ಒಂದು ರೆಕ್ಕೆಯ ಹಕ್ಕಿಗೆ ಹೋಲಿಸಿದ್ದಾನೆ.

೮

ಕರ್ಣಾಟಕದಲ್ಲಿ ಈ ವಿದ್ಯೆಯು ಬಂದ ಕ್ರಮವು ಇಂಗ್ಲೆಂಡಿನದಕ್ಕೆ ತಲೆಕೆಳಗಾದುದು. ಅಲ್ಲಿ ಮೊದಲು ಬಾಲಕರ ಸೀಸೆಗಳೂ ನಾಣ್ಯಗಳೂ, ಬಹುಕಾಲದ ಮೇಲೆ ವಿದ್ಯುದಾಗಾರಗಳು. ಇಲ್ಲಿ ೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುತ್ತು ೯೦ ಮೈಲಿಗಿಂತ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಮ್ಮೆಗೇ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆ ಕಾಲಕ್ಕೆ ಅದು ಏಷ್ಯಾಖಂಡದಲ್ಲಿಯೇ ಹೆಸರಾದ ಸಾಹಸ. ಆದರೆ ಜನರಿಗೆ ಅದು ಸಿದ್ಧವಸ್ತುವಾಗಿ ಬಂದಿತು. ಗುಂಡಿಯನ್ನೊತ್ತಿದರೆ ಬೆಳಕು, ಅದರ ಹಿಂದಿನದು ಅದೃಷ್ಟ.

ಈ ಅಂತರವನ್ನು ತುಂಬಲು ಮೊದಲು ಯತ್ನಿಸಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಪ್ರಮುಖರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಪಂಪಭಾರತದ ಸಂಪಾದಕರೂ ಹೌದು, ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದವರೂ ಹೌದು. ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ಅವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ದೀರ್ಘಕಾಲ ನಡೆಯಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದು ಅದರಿಂದ ಸಿದ್ಧವಾಯಿತು. ಹಳಗನ್ನಡ ಕಾವ್ಯದ ಪಾಠನಿರ್ಣಯವೂ ಭೌತಶಾಸ್ತ್ರದ ಬೋಧನೆಯೂ ಒಬ್ಬರಲ್ಲಿಯೇ ಕೂಡಿದ್ದುದು ಆಕಸ್ಮಿಕವೆಂದು ತೋರುವುದಿಲ್ಲ. ಹಲವು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಸ್ವೀಕರಿಸುವ ಮನೋಧರ್ಮವೂ ಹಲವು ಪ್ರಯೋಗಗಳನ್ನು ಹೋಲಿಸಿ ಒಂದು ತತ್ತ್ವವನ್ನು ಸ್ವೀಕರಿಸುವ ಮನೋಧರ್ಮವೂ ಸಜಾತೀಯವಾದುವು.

ಪತ್ರಿಕೆಯು ಮಾತನ್ನು ಕೊಟ್ಟಿತು, ಉಪಕರಣವು ಬರಲು ಇನ್ನೂ ಕಾಲ ಹಿಡಿಯಿತು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಔದ್ಯೋಗಿಕ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವು ೧೯೬೨ರಲ್ಲಿ ಉದ್ಘಾಟನೆಯಾಯಿತು. ೧೯೬೫ರಲ್ಲಿ ಅಲ್ಲಿ ಸಾರ್ವಜನಿಕರಿಗಾಗಿ ತೆರೆದ ಮೊದಲನೆಯ ಶಾಖೆಯ ವಿಷಯವೇ ವಿದ್ಯುತ್ತು. ಗಾಜಿನ ಹಿಂದೆ ಇಟ್ಟುದನ್ನು ನೋಡಿ ಹೋಗುವುದಕ್ಕೆ ಬದಲಾಗಿ, ಹಿಡಿಯನ್ನು ತಿರುಗಿಸಿಯೂ ಗುಂಡಿಯನ್ನೊತ್ತಿಯೂ ಪರೀಕ್ಷಿಸುವ ಅವಕಾಶವು ಇಂಥ ಸಂಗ್ರಹಾಲಯಗಳಿಂದ ಮಕ್ಕಳಿಗೆ ದೊರೆಯಿತು.

ಇನ್ನು ಉಳಿದಿರುವುದು ಪಾಠಶಾಲೆಯ ಕೆಲಸ. ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲವೆಂಬುದನ್ನು ಗಿಲ್ಬರ್ಟನ ಸೂಜಿ, ಗ್ರೇಯ ದಾರ, ಫ್ಯಾರಡೆಯ ನಾಣ್ಯ, ಇವು ಮೂರೂ ಸಾರುತ್ತವೆ. ಬೇಕಾದುದು ನ್ಯಾಂಟ್‌ವಿಚ್ಚಿನ ಉಪಾಧ್ಯಾಯನಲ್ಲಿದ್ದ ಧೈರ್ಯ, ಬೆಲೆಬಾಳುವ ಯಂತ್ರವನ್ನು ಮಕ್ಕಳ ಕೈಗೆ ಕೊಡುವ ಧೈರ್ಯ. ವಿಜ್ಞಾನದ ಉಪಾಧ್ಯಾಯರು ಪ್ರಯೋಗವನ್ನು ಮಾಡಿಸಲಿ. ಭಾಷೆಯ ಉಪಾಧ್ಯಾಯರು ಮಾಡಿದುದನ್ನು ಮಕ್ಕಳಿಂದ ಕನ್ನಡದಲ್ಲಿ ಬರೆಯಿಸಲಿ. ಕಂಡದ್ದೇನು, ಊಹಿಸಿದ್ದೇನು, ಊಹೆ ತಪ್ಪಿದ್ದೆಲ್ಲಿ ಎಂಬ ಮೂರನ್ನು ಬೇರೆಬೇರೆಯಾಗಿ ಬರೆಯಲು ಕಲಿತ ಹುಡುಗನು ಬಲ, ಶಕ್ತಿ, ಸಾಮರ್ಥ್ಯಗಳ ಭೇದವನ್ನು ತಿಳಿಯುವುದರ ಜೊತೆಗೆ ಗದ್ಯವನ್ನೂ ಕಲಿತಿರುತ್ತಾನೆ. ಹೀಗೆ ಮಾಡಿದಲ್ಲಿ ಕನ್ನಡದ ಪಾರಿಭಾಷಿಕ ಪದಗಳು ಕೋಶದಲ್ಲಿ ಮಾತ್ರ ಉಳಿಯದೆ ಹುಡುಗರ ಬಾಯಲ್ಲಿ ಬಳಕೆಗೆ ಬರುವುವು.